ಹಳೆಯ ಮನೆಯ ನೆಲ: ತೇವ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಹಳೆಯ ಮನೆಯ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ ಮೇಲೆ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಗಿಲಾವು ಉದುರತೊಡಗಿದರೆ ತಪ್ಪನ್ನು ಗೋಡೆಯ ಮೇಲೆ ಹೊರಿಸಬೇಡಿ. ನೆಲದಿಂದ ಹೊರಹೋಗುತ್ತಿದ್ದ ತೇವವೇ ದಾರಿ ಬದಲಿಸಿ ಗೋಡೆಗೆ ಹತ್ತಿರಬಹುದು.

ಹಳೆಯ ನೆಲ ಸಾಮಾನ್ಯವಾಗಿ ಹೀಗಿರುತ್ತದೆ: ದಮ್ಮಸು ಮಾಡಿದ ಮಣ್ಣು, ಅದರ ಮೇಲೆ ಮರಳು ಅಥವಾ ಸುಣ್ಣದ ಗಾರೆ, ಮೇಲೆ ಕಲ್ಲುಚಪ್ಪಡಿ. ನೀರು ತಡೆಯುವ ಪದರ ಎಲ್ಲೂ ಇಲ್ಲ. ಮಣ್ಣು, ಗಾರೆಗಳ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲಕ್ಕೆಳೆಯುತ್ತವೆ. ರಂಧ್ರ ಕಿರಿದಾದಷ್ಟೂ ನೀರು ಎತ್ತರಕ್ಕೇರುತ್ತದೆ, 0.01 ಮಿ.ಮೀ. ತ್ರಿಜ್ಯದ ಗಾಜಿನ ಕೊಳವೆಯಲ್ಲಿ ಅದು ಸುಮಾರು 1.5 ಮೀಟರ್ ಏರಬಲ್ಲದು. ಆದರೂ ನೆಲ ಒಣಗಿಯೇ ಇರುತ್ತಿತ್ತು. ಏರಿದ ನೀರು ಗಾರೆಯ ಸಂದುಗಳಿಂದ ಆವಿಯಾಗಿ ಹೋಗುತ್ತಿತ್ತಲ್ಲ! ಆ ದಾರಿ ಮುಚ್ಚಿದ್ದೇ ಎಡವಟ್ಟು.

ಎಲ್ಲ ತೇವವೂ ಕೆಳಗಿನಿಂದಲೇ ಬರುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಶೇ. 80ರಷ್ಟು ಆರ್ದ್ರತೆ ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ನೆಲ ಬೆವರುತ್ತದೆ. ಪತ್ತೆಗೆ ಸುಲಭ ಪರೀಕ್ಷೆಯಿದೆ: 45 ಸೆಂ.ಮೀ. ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕಂಟಿಸಿ, ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿಗಟ್ಟಿದರೆ ನೀರು ನೆಲದ್ದು, ಮೇಲೆ ಹನಿಗಟ್ಟಿದರೆ ಗಾಳಿಯದ್ದು. ಬೇಸಿಗೆಯಲ್ಲಿ ಒಣಗಿ ಕಂಡರೆ ನಂಬಬೇಡಿ, ಮಳೆಗಾಲದಲ್ಲಿ ಮತ್ತೆ ಮಾಡಿ.

ನೆಲ ಅಗೆಯುವ ಮೊದಲು ಹೊರಗೆ ನೋಡಿ. ಹೊರಗಿನ ಮಣ್ಣು ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ತಗ್ಗಿನಲ್ಲಿರಬೇಕು, ಸೂರಿನ ನೀರು ಗೋಡೆಯಿಂದ ದೂರ ಹರಿಯಬೇಕು. ನಲ್ಲಿಗಳನ್ನೆಲ್ಲ ಮುಚ್ಚಿದರೂ ನೀರಿನ ಮೀಟರ್ ತಿರುಗುತ್ತಿದ್ದರೆ ಪೈಪ್ ಸೋರುತ್ತಿದೆ. ಮರದ ಹಲಗೆಯ ನೆಲವಾದರೆ ಅಡಿಯಲ್ಲಿ ಗಾಳಿಯಾಡುವ ಕಿಂಡಿಗಳು ಮುಚ್ಚಿಹೋಗಿವೆಯೇ ಗಮನಿಸಿ; ಮರದ ತೇವಾಂಶ ಶೇ. 20 ದಾಟಿದರೆ ಕೊಳೆಸುವ ಶಿಲೀಂಧ್ರದ ಅಪಾಯವಿದೆ. ಎಷ್ಟೋ ಮನೆಗಳಲ್ಲಿ ಇಷ್ಟು ಸರಿಪಡಿಸಿದರೇ ಸಾಕು.

ಹೊಸ ನೆಲವೇ ಬೇಕಾದರೆ ತಳಪಾಯಕ್ಕಿಂತ ಆಳ ಅಗೆಯಲೇಬಾರದು. ಪುಡಿಯಿಲ್ಲದ ದಪ್ಪ ಜಲ್ಲಿಯನ್ನು 150 ಮಿ.ಮೀ. ಹಾಕಿ ದಮ್ಮಸು ಮಾಡಬೇಕು; ಜಲ್ಲಿಯ ನಡುವಿನ ದೊಡ್ಡ ಸಂದುಗಳಲ್ಲಿ ನೀರು ಮೇಲೇರದು. ಅದರ ಮೇಲೆ ಹಾಳೆ ಚುಚ್ಚದಂತೆ ತೆಳುವಾಗಿ ಮರಳು, ನಂತರ 250 ಮೈಕ್ರಾನ್ ಪಾಲಿಥೀನ್, ಕೊನೆಗೆ 100 ಮಿ.ಮೀ. ಕಾಂಕ್ರೀಟ್. ಹಾಳೆಗಳು 300 ಮಿ.ಮೀ.ನಷ್ಟು ಒಂದರ ಮೇಲೊಂದು ಬರಬೇಕು, ಅಂಚು ಗೋಡೆಯ ತೇವನಿರೋಧಕ ಪದರಕ್ಕೆ ಸೇರಬೇಕು. ಗೋಡೆಗೆ ಆ ಪದರವೇ ಇಲ್ಲದಿದ್ದರೆ ಪಾಲಿಥೀನ್ ಬೇಡ, ಉಸಿರಾಡುವ ಸುಣ್ಣದ ಕಾಂಕ್ರೀಟೇ ಮೇಲು.

ಹಾಳೆಯ ಮೇಲಿನ ಕಾಂಕ್ರೀಟ್ ಮೇಲ್ಮುಖವಾಗಿ ಮಾತ್ರ ಒಣಗುತ್ತದೆ: ಮೊದಲ 50 ಮಿ.ಮೀ. ದಿನಕ್ಕೆ ಸುಮಾರು 1 ಮಿ.ಮೀ.ನಂತೆ, ಆಮೇಲೆ ಇನ್ನೂ ನಿಧಾನ. ಟೈಲ್ಸ್‌ಗೆ ತಿಂಗಳುಗಟ್ಟಲೆ ಕಾಯಲೇಬೇಕು. ಅಷ್ಟರಲ್ಲಿ ಉಪ್ಪು ಹಿಡಿದ ಗಿಲಾವನ್ನು ತೇವದ ಗೆರೆಗಿಂತ 300 ಮಿ.ಮೀ. ಮೇಲಿನವರೆಗೂ ಕೆತ್ತಿಸಿಬಿಡಿ. ಅದರಲ್ಲಿರುವ ನೈಟ್ರೇಟ್, ಕ್ಲೋರೈಡ್ ಲವಣಗಳು ಗಾಳಿಯ ತೇವವನ್ನೇ ಹೀರುವುದರಿಂದ, ಕೆಳಗಿನ ನೀರು ನಿಂತ ಮೇಲೂ ಗೋಡೆ ಒದ್ದೆಯಾಗಿಯೇ ಉಳಿಯುತ್ತದೆ.