ಹಲ್ಲು ತುಂಬಿಸಿದ ಮೇಲೆ ಎಷ್ಟು ಹೊತ್ತು ಬಿಟ್ಟು ಊಟ ಮಾಡಬೇಕು?

ಪ್ರಶ್ನೆ: ಅಮ್ಮ ಹಿಂದೆ ದವಡೆ ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡಾಗ ‘ನಾಳೆವರೆಗೆ ಆ ಕಡೆ ಅಗಿಯಬೇಡಿ’ ಅಂದಿದ್ದರಂತೆ. ಮೊನ್ನೆ ನನಗೆ ಬಿಳಿ ಫಿಲ್ಲಿಂಗ್ ಹಾಕಿದ ಡಾಕ್ಟ್ರು ‘ಆರಾಮಾಗಿ ಊಟ ಮಾಡಿ’ ಅಂದ್ರು. ಅಕ್ಕನ ಮಗನಿಗೆ ಹಾಕಿದ್ದೂ ಬಿಳಿಯದೇ, ಆದ್ರೆ ಅವನಿಗೆ ಒಂದು ಗಂಟೆ ಏನೂ ತಿನ್ನಬಾರದು ಅಂತ ಹೇಳಿ ಕಳಿಸಿದ್ದಾರೆ. ಯಾರ ಮಾತು ಸರಿ?

ಮೂವರದ್ದೂ ಸರಿ. ಮೂರು ಬಾಯಿಗೆ ಹೋಗಿರುವುದು ಮೂರು ಬೇರೆ ಬೇರೆ ಸಾಮಾನು. ಒಂದೊಂದೂ ಗಟ್ಟಿಯಾಗುವ ಬಗೆ ಬೇರೆ, ಹಾಗಾಗಿ ಕಾಯುವ ಹೊತ್ತೂ ಬೇರೆ.

ಮೊದಲು ಅಮ್ಮನ ಬೆಳ್ಳಿ. ಅದರ ಹೆಸರು ಅಮಾಲ್ಗಮ್. ಬೆಳ್ಳಿ, ತವರ, ತಾಮ್ರ ಸೇರಿದ ಪುಡಿಗೆ ಪಾದರಸ ಬೆರೆಸಿ ಮಾಡುವ ಮಿಶ್ರಣ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾದರಸವೇ. ಬೆರೆಸಿದ ಹೊಸತರಲ್ಲಿ ಮೆತ್ತಗಿರುತ್ತದೆ, ಹಲ್ಲಿನ ಗುಳಿಗೆ ಒತ್ತಿ ಒತ್ತಿ ತುಂಬಬಹುದು. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದಂತೆ ಕಂಡರೂ ಒಳಗೆ ಲೋಹಗಳ ಕೆಲಸ ನಡೆಯುತ್ತಲೇ ಇರುತ್ತದೆ. ಪೂರ್ತಿ ಬಲ ಬರಲು ಸುಮಾರು 24 ಗಂಟೆ ಬೇಕು. ಮೊದಲ ಗಂಟೆಯಲ್ಲೇ ಚಕ್ಕುಲಿ ಕಡಿದರೆ ಅಂಚು ಮುರಿಯುವ ಸಾಧ್ಯತೆ ಜಾಸ್ತಿ. ಪಾಲಿಶ್ ಮಾಡಲು ಮಾರನೇ ದಿನ ಬನ್ನಿ ಅನ್ನುತ್ತಿದ್ದದ್ದೂ ಇದಕ್ಕೇ. ಪಾದರಸದ ಕಾರಣಕ್ಕೆ ಈಗ ಇದರ ಬಳಕೆ ಇಳಿಯುತ್ತಿದೆ. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ, ತೀರಾ ಅನಿವಾರ್ಯ ಅನ್ನಿಸಿದ ಸಂದರ್ಭ ಬಿಟ್ಟರೆ, ಇದನ್ನು ನಿಲ್ಲಿಸಿದೆ. ಹಾಗಂತ ಅಮ್ಮನ ಬಾಯಲ್ಲಿ ಚೆನ್ನಾಗಿರುವುದನ್ನು ಸುಮ್ನೆ ಕೆತ್ತಿಸಿ ತೆಗೆಸಬೇಡಿ. ಹಲ್ಲಿಗೆ ನಷ್ಟ, ಕೆತ್ತುವಾಗ ಪಾದರಸದ ಆವಿಯೂ ಏಳುತ್ತದೆ.

ನಿಮಗೆ ಹಾಕಿದ್ದು ಕಾಂಪೊಸಿಟ್. ನೀಲಿ ಬೆಳಕಿನ ಗನ್ ಹಿಡಿದದ್ದು ನೆನಪಿದೆ ಅಲ್ವಾ? ಕಾಂಪೊಸಿಟ್ ಅಂದರೆ ಒಂದು ಬಗೆಯ ರಾಳದಲ್ಲಿ ಗಾಜಿನಂಥ ನುಣ್ಣನೆ ಪುಡಿ ಕಲಸಿದ ಪೇಸ್ಟ್. ಅಮೆರಿಕದ ರಫೇಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ರಾಳ ಇವತ್ತಿಗೂ ಎಷ್ಟೋ ಕಂಪನಿಗಳ ಟ್ಯೂಬಿನೊಳಗಿದೆ. ಪೇಸ್ಟಿನಲ್ಲಿ ಕ್ಯಾಂಫರ್‌ಕ್ವಿನೋನ್ ಅನ್ನುವ ಹಳದಿ ವಸ್ತು ಚೂರು ಇರುತ್ತದೆ. 470 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ದರೆ ಅದು ಎಚ್ಚೆತ್ತು ರಾಳದ ಕಣಗಳನ್ನು ಒಂದಕ್ಕೊಂದು ಕೊಂಡಿ ಹಾಕಿಸುತ್ತದೆ. ಹಲ್ಲಿನಲ್ಲೇ, ಕೆಲವೇ ಸೆಕೆಂಡುಗಳಲ್ಲಿ ಗಟ್ಟಿ. ಕೊಂಡಿ ಹಾಕಿಕೊಳ್ಳುವ ಕೆಲಸ ಆಮೇಲೂ ಒಂದು ದಿನ ನಿಧಾನಕ್ಕೆ ಸಾಗುತ್ತದೆ, ಆದರೆ ಅಗಿಯುವಷ್ಟು ಬಲ ಕುರ್ಚಿಯಿಂದ ಏಳುವ ಹೊತ್ತಿಗೇ ಬಂದಿರುತ್ತದೆ.

ಕಾಂಪೊಸಿಟ್‌ನಲ್ಲಿ ಜಾಗ್ರತೆ ಬೇಕಿರುವುದು ರೋಗಿಗಲ್ಲ, ಡಾಕ್ಟ್ರಿಗೆ. ಬೆಳಕು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಮಾಮೂಲಿ ಕಾಂಪೊಸಿಟ್ ಅನ್ನು 2 ಮಿಲಿಮೀಟರ್ ದಪ್ಪಕ್ಕಿಂತ ಹೆಚ್ಚಾಗದಂತೆ ಪದರ ಪದರವಾಗಿ ಇಟ್ಟು, ಒಂದೊಂದಕ್ಕೂ ಬೆಳಕು ಹಿಡಿಯಬೇಕು. ಗಟ್ಟಿಯಾಗುವಾಗ ಇದು ಗಾತ್ರದಲ್ಲಿ ನೂರಕ್ಕೆ ಎರಡು ಮೂರರಷ್ಟು ಕುಗ್ಗುತ್ತದೆ. ಒಂದೇ ಸಲ ದೊಡ್ಡ ಮುದ್ದೆ ತುಂಬಿದರೆ ಅಂಚು ಹಲ್ಲಿನಿಂದ ಬಿಟ್ಟುಕೊಳ್ಳಬಹುದು. ಆಮೇಲೆ ತಣ್ಣೀರು ಕುಡಿದರೆ ಜುಮ್ ಅನ್ನುವ ಕಾಟ ಶುರುವಾಗಲು ಇದೂ ಒಂದು ಕಾರಣ. ಜೊಲ್ಲು ತಾಗಿದರಂತೂ ಅಂಟು ಹಿಡಿಯುವುದೇ ಇಲ್ಲ. ಬಾಯಿ ತುಂಬ ಹತ್ತಿ ತುರುಕಿದರು, ರಬ್ಬರ್ ಹಾಳೆ ಕಟ್ಟಿದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕೇಳಿದರೆ, ಹಾಗೆ ಮಾಡುವ ಡಾಕ್ಟ್ರನ್ನೇ ಹುಡುಕಿಕೊಂಡು ಹೋಗಬೇಕು.

ಈಗ ಅಕ್ಕನ ಮಗನದ್ದು. ಬಹುಶಃ ಅದು ಗ್ಲಾಸ್ ಅಯೊನೊಮರ್. ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ 1970ರ ದಶಕದ ಶುರುವಿನಲ್ಲಿ ರೂಪಿಸಿದ್ದು. ನೋಡಲು ಬಿಳಿಯೇ, ಒಳಗಿನ ಲೆಕ್ಕ ಪೂರ್ತಿ ಬೇರೆ. ಒಂದು ಬಾಟಲಿಯಲ್ಲಿ ಗಾಜಿನ ಪುಡಿ, ಇನ್ನೊಂದರಲ್ಲಿ ಆಮ್ಲದ ದ್ರವ. ಪುಡಿಯ ಬಾಟಲಿಯನ್ನು ಕುಲುಕಿ, ಅಳತೆ ಚಮಚದಲ್ಲಿ ತೆಗೆದು, ಅಂಚಿಗೆ ಗೀರಿ ಸಮ ಮಾಡಿ ಪೇಪರ್ ಪ್ಯಾಡ್ ಮೇಲೆ ಹಾಕುತ್ತಾರೆ. ದ್ರವದ ಬಾಟಲಿಯನ್ನು ನೆಟ್ಟಗೆ ತಲೆಕೆಳಗೆ ಹಿಡಿಯಬೇಕು. ಓರೆ ಹಿಡಿದರೆ ಗುಳ್ಳೆ ಸೇರಿ ಹನಿ ಚಿಕ್ಕದಾಗುತ್ತದೆ, ಅಳತೆ ತಪ್ಪುತ್ತದೆ. ಕಲಸಲು ಪ್ಲಾಸ್ಟಿಕ್ ಸ್ಪಾಚುಲಾ, ಯಾಕೆಂದರೆ ಗಾಜಿನ ಪುಡಿ ಸ್ಟೀಲನ್ನೂ ಉಜ್ಜಿ ಬಣ್ಣ ಬಿಡಿಸುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಕಲಸಿ ಮುಗಿಸಿ, ಮುದ್ದೆ ಒದ್ದೆಯಾಗಿ ಹೊಳೆಯುತ್ತಿರುವಾಗಲೇ ಹಲ್ಲಿಗೆ ಇಡಬೇಕು. ಆ ಹೊಳಪೇ ಹಲ್ಲಿಗೆ ಅಂಟಿಕೊಳ್ಳುವ ಆಮ್ಲ ಇನ್ನೂ ಉಳಿದಿದೆ ಅನ್ನುವುದಕ್ಕೆ ಗುರುತು. ಹೊಳಪು ಹೋಗಿದ್ದರೆ ಬಿಸಾಕಿ ಹೊಸದಾಗಿ ಕಲಸಬೇಕು. ದುಡ್ಡು ಉಳಿಸಲು ಅದನ್ನೇ ಒತ್ತಿ ಕೂರಿಸಿದರೆ ಸ್ವಲ್ಪ ದಿನಕ್ಕೇ ಕಿತ್ತು ಬರುತ್ತದೆ.

ಇಷ್ಟೆಲ್ಲ ಆದಮೇಲೂ ಮೊದಲ ದಿನ ಅದು ಎಳೆಯದೇ. ನಮ್ಮ ಜನ ಇದನ್ನು ‘ಸಿಮೆಂಟ್’ ಅನ್ನುತ್ತಾರೆ, ಆದರೆ ಮನೆ ಗೋಡೆಯ ಸಿಮೆಂಟಿಗೆ ನೀರು ಹೊಡೆದು ಗಟ್ಟಿ ಮಾಡಿದ ಹಾಗೆ ಇದಕ್ಕೆ ಮಾಡಲಾಗದು. ಎಳೆಯದರಲ್ಲಿ ನೀರು ತಾಗಿದರೆ ಮೇಲ್ಪದರ ಕರಗಿ ಸುಣ್ಣದಂತೆ ಬೆಳ್ಳಗಾಗುತ್ತದೆ, ತೀರಾ ಒಣಗಿದರೆ ಸಣ್ಣ ಬಿರುಕು ಬಿಡುತ್ತದೆ. ಎರಡೂ ಆಗದಿರಲಿ ಅಂತ ಮೇಲೆ ವಾರ್ನಿಶ್ ಅಥವಾ ವ್ಯಾಸಲೀನ್ ಸವರಿ ಕಳಿಸುತ್ತಾರೆ. ಒಂದು ಗಂಟೆ ಏನೂ ತಿನ್ನಬೇಡ ಅಂದಿದ್ದು, ಆ ದಿನ ಗಟ್ಟಿ ಪದಾರ್ಥ ಬೇಡ ಅನ್ನುವುದು ಇದಕ್ಕೇ. ಇಷ್ಟು ನಾಜೂಕಿನದ್ದನ್ನು ಮಕ್ಕಳಿಗೆ ಯಾಕೆ ಹಾಕುತ್ತಾರೆ ಅಂದರೆ, ಇದು ಹಲ್ಲಿಗೆ ತಾನಾಗಿ ಅಂಟಿಕೊಳ್ಳುತ್ತದೆ, ಫ್ಲೋರೈಡನ್ನೂ ಬಿಡುತ್ತಿರುತ್ತದೆ. ಗಂಟೆಗಟ್ಟಲೆ ಬಾಯಿ ತೆರೆದು ಕೂರದ ಮಗುವಿಗೆ ಇದೇ ವಾಸಿ.

ಲವಂಗದ ವಾಸನೆ ಬರುವ ತಾತ್ಕಾಲಿಕ ಫಿಲ್ಲಿಂಗ್ ಬೇರೆಯೇ. ಅದು ಜಿಂಕ್ ಆಕ್ಸೈಡ್ ಮತ್ತು ಯೂಜಿನಾಲ್. ನೋವು ತಣಿಸುತ್ತದೆ, ಬಲ ಕಡಿಮೆ. ಅದಿದ್ದಷ್ಟು ದಿನ ಆ ಕಡೆ ಅಗಿಯದಿದ್ದರೇ ಒಳ್ಳೆಯದು.

ಇನ್ನು ‘ಆರಾಮಾಗಿ ಊಟ ಮಾಡಿ’ ಅಂದಾಗಲೂ ಒಂದು ವಿಷಯ ನೋಡಿಕೊಳ್ಳಿ. ಇಂಜೆಕ್ಷನ್ ಕೊಟ್ಟಿದ್ದರೆ ಕೆಳದವಡೆ ಮೂರ್ನಾಲ್ಕು ಗಂಟೆ ಜೋಮು ಹಿಡಿದಿರಬಹುದು. ಫಿಲ್ಲಿಂಗ್ ಗಟ್ಟಿಯಾಗಿದ್ದರೂ ನಿಮ್ಮ ಕೆನ್ನೆ, ತುಟಿ ಎಲ್ಲಿದೆ ಅಂತ ನಿಮಗೇ ಗೊತ್ತಾಗದು. ಕಚ್ಚಿಕೊಂಡು ಹುಣ್ಣು ಮಾಡಿಕೊಳ್ಳುವವರಲ್ಲಿ ಮಕ್ಕಳೇ ಜಾಸ್ತಿ. ಬಿಸಿ ಕಾಫಿಯೂ ಜೋಮು ಇಳಿದ ಮೇಲೇ ಇರಲಿ. ಮುಂದಿನ ಹಲ್ಲಿಗೆ ಕಾಂಪೊಸಿಟ್ ಹಾಕಿಸಿದ್ದರೆ ಒಂದೆರಡು ದಿನ ಅರಿಶಿನದ ಸಾರು, ಎಲೆಅಡಿಕೆ ದೂರ ಇಡಿ, ಹೊಸತರಲ್ಲಿ ಬಣ್ಣ ಬೇಗ ಹಿಡಿಯುತ್ತದೆ.

ಜೋಮು ಇಳಿದ ಮೇಲೆ ಆ ಹಲ್ಲು ಉಳಿದವಕ್ಕಿಂತ ಮೊದಲೇ ತಾಗುತ್ತಿದೆ, ಎತ್ತರ ಆಗಿದೆ ಅನ್ನಿಸಿದರೆ ಸವೆದು ಸರಿಹೋಗುತ್ತೆ ಅಂತ ಕಾಯಬೇಡಿ. ಇಡೀ ಕಚ್ಚುವ ಭಾರ ಅದೊಂದರ ಮೇಲೆ ಬಿದ್ದು ಹಲ್ಲು ನೋಯಲು ಶುರುವಾಗುತ್ತದೆ, ಫಿಲ್ಲಿಂಗ್ ಬಿರಿಯಲೂಬಹುದು. ವಾಪಸ್ ಹೋಗಿ. ಕಾರ್ಬನ್ ಪೇಪರ್ ಕಚ್ಚಿಸಿ, ಬಣ್ಣ ಹತ್ತಿದ ಕಡೆ ಚೂರು ಉಜ್ಜಿ ಕಳಿಸುತ್ತಾರೆ. ಅದಕ್ಕೆ ಇಂಜೆಕ್ಷನ್ನೂ ಬೇಕಾಗುವುದಿಲ್ಲ.