ಐ7 ಅಂತೀರಿ ಸರಿ, ಅದು ಯಾವ ಜನರೇಷನ್?

ಜೂನ್ ಬಂತಂದ್ರೆ ರಾಯಚೂರಿನ ಕಂಪ್ಯೂಟರ್ ಅಂಗಡಿಗಳಿಗೆ ಅಪ್ಪ ಮಕ್ಕಳು ಜೋಡಿಯಾಗಿ ಬರುತ್ತಾರೆ. ಮಗಳು ಪಿಯುಸಿಗೆ ಸೇರಿರುತ್ತಾಳೆ, ಇಲ್ಲವೇ ಮಗ ಡಿಪ್ಲೊಮಾ ಮಾಡುತ್ತಿರುತ್ತಾನೆ. ಕೈಯಲ್ಲಿ ಇರೋದು ಹದಿನೈದು, ಇಪ್ಪತ್ತು ಸಾವಿರ. ಅಷ್ಟು ದುಡ್ಡಿಗೆ ಹೊಸ ಲ್ಯಾಪ್‌ಟಾಪ್ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆ ಬೆಲೆಗೆ ಸಿಗುವ ಲ್ಯಾಪ್‌ಟಾಪಿನಲ್ಲಿ ಸಣ್ಣ ಪ್ರೊಸೆಸರ್ ಇರುತ್ತೆ, ರ‍್ಯಾಮ್ ಎಷ್ಟೋ ಸಲ ಬೋರ್ಡಿಗೇ ಅಂಟಿರುತ್ತೆ, ಕೆಟ್ಟರೆ ರಿಪೇರಿಯೂ ಕಷ್ಟ. ಅದೇ ದುಡ್ಡಿಗೆ ಒಂದು ಒಳ್ಳೆ ರೀಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮಾರುವ ಡೆಸ್ಕ್‌ಟಾಪ್ ಬರುತ್ತೆ, ಐದಾರು ವರ್ಷ ನಿಶ್ಚಿಂತೆಯಿಂದ ದುಡಿಯುತ್ತೆ. ಆದರೆ ಅದನ್ನು ನೋಡಿ ಕೊಳ್ಳಬೇಕು.

ಈ ಮಾಲು ಎಲ್ಲಿಂದ ಬರುತ್ತೆ ಗೊತ್ತಿರಲಿ. ಬೆಂಗಳೂರು, ಹೈದರಾಬಾದಿನ ದೊಡ್ಡ ಕಂಪನಿಗಳು ಕಂಪ್ಯೂಟರ್‌ಗಳನ್ನು ಮೂರು ನಾಲ್ಕು ವರ್ಷಕ್ಕೆ ಲೀಸಿಗೆ ತಗೊಳ್ಳುತ್ತವೆ. ಅವಧಿ ಮುಗಿದ ಮೇಲೆ ನೂರಾರು ಒಟ್ಟಿಗೆ ವಾಪಸ್ ಹೋಗುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಹೆಚ್ಚಾಗಿ ಈ ಮೂರೇ. ಆಫೀಸಿನಲ್ಲಿ ದಿನವಿಡೀ ನಡೆಯಲಿ ಅಂತಲೇ ಮಾಡಿದ ಡಬ್ಬಿಗಳು ಇವು. ಬೆಂಗಳೂರಿನ ಎಸ್‌ಪಿ ರೋಡ್, ಸಿಕಂದರಾಬಾದಿನ ಸಿಟಿಸಿ ಅನ್ನೋ ಕಂಪ್ಯೂಟರ್ ಮಾರ್ಕೆಟುಗಳಿಗೆ ಬಂದು, ಅಲ್ಲಿಂದ ನಮ್ಮೂರ ಅಂಗಡಿಗಳಿಗೆ ಇಳಿಯುತ್ತವೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಹಾಗಾಗಿ ನಮ್ಮಲ್ಲಿಗೆ ಆ ಕಡೆಯ ಮಾಲೇ ಜಾಸ್ತಿ.

ಈಗ ಮುಖ್ಯವಾದ ಮಾತು. ಅಂಗಡಿಗೆ ಬಂದವರು ಮೊದಲು ಕೇಳೋದು ‘ಐ5 ಐತೋ, ಐ7 ಐತೋ’ ಅಂತ. ಇವು ಇಂಟೆಲ್ ಕಂಪನಿಯ ಪ್ರೊಸೆಸರುಗಳ ಹೆಸರು, ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು. ಈ ಪ್ರಶ್ನೆ ಅರ್ಧ ಮಾತ್ರ. ಐ7 ಅನ್ನೋ ಹೆಸರು 2008ರಿಂದ ಇದೆ. ಅವತ್ತಿನ ಐ7 ಕೂಡ ಐ7, ಮೊನ್ನೆಯದೂ ಐ7. ನೀವು ಓದಬೇಕಾದ್ದು ಅದರ ಮುಂದಿನ ನಂಬರ್. ಐ5-8500 ಅಂತ ಇದ್ದರೆ ಕೊನೆಯ ಮೂರು ಅಂಕಿ ಬಿಡಿ, ಮೊದಲಲ್ಲಿ ಉಳಿಯೋದು 8. ಅದು ಎಂಟನೇ ಜನರೇಷನ್, ಅಂದರೆ ಎಂಟನೇ ಪೀಳಿಗೆ. 3470 ಅಂದರೆ ಮೂರನೆಯದು, 6500 ಅಂದರೆ ಆರನೆಯದು, 10400 ಅಂದರೆ ಹತ್ತನೆಯದು.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂದರೆ, ಐ7-2600 ಬಂದಿದ್ದು 2011ರಲ್ಲಿ. ಐ3-8100 ಬಂದಿದ್ದು 2017ರಲ್ಲಿ. ಹೆಸರಿನಲ್ಲಿ ಐ3 ಚಿಕ್ಕದು. ಮನೆಯ ಕೆಲಸದಲ್ಲಿ, ಅಂದರೆ ಬ್ರೌಸರ್‌ನಲ್ಲಿ ನಾಲ್ಕು ಪೇಜ್ ತೆಗೆಯೋದು, ವಿಡಿಯೋ ಪಾಠ ನೋಡೋದು, ಎಕ್ಸೆಲ್, ಟ್ಯಾಲಿ, ಇಂಥದರಲ್ಲಿ ಆ ಐ3 ಹಳೆ ಐ7 ಅನ್ನು ಹಿಂದೆ ಹಾಕುತ್ತೆ. ಕರೆಂಟೂ ಕಡಿಮೆ ತಿನ್ನುತ್ತೆ, ಬಿಸಿಯೂ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

‘ಹೊಸ ಐ7 ಸೆಟ್, ಬರೀ ಹತ್ತು ಸಾವಿರ, ಮೂರು ವರ್ಷ ವಾರಂಟಿ’ ಅಂತ ಬಣ್ಣಬಣ್ಣದ ಲೈಟ್ ಹಾಕಿದ ಕ್ಯಾಬಿನೆಟ್ ತೋರಿಸುತ್ತಾರೆ. ನನಗೆ ನಿಜವಾಗಿ ಸಂಕಟ ಆಗೋದು ಇಲ್ಲಿ. ಒಳಗೆ ಬಿಚ್ಚಿ ನೋಡಿದರೆ ಎಚ್61 ಬೋರ್ಡ್ ಇರುತ್ತೆ. ಎಚ್61 ಅನ್ನೋದು 2011ರ ಚಿಪ್‌ಸೆಟ್, ಅಂದರೆ ಬೋರ್ಡಿನ ಮುಖ್ಯ ಚಿಪ್. ಬೋರ್ಡನ್ನು ಈಚೆಗೆ ಅಗ್ಗವಾಗಿ ತಯಾರಿಸಿರುತ್ತಾರೆ, ಅದಕ್ಕೆ ವಾರಂಟಿ ಇರೋದೂ ನಿಜ. ಆದರೆ ಅದರಲ್ಲಿ ಕೂರೋದು ಎರಡು ಇಲ್ಲವೇ ಮೂರನೇ ಜನರೇಷನ್ನಿನ, ಎಲ್ಲಿಂದಲೋ ಕಿತ್ತು ತಂದ ಪ್ರೊಸೆಸರ್. ರ‍್ಯಾಮ್ ಹಳೇ ಮಾದರಿಯ ಡಿಡಿಆರ್3. ಕೂಲಿ ಮಾಡಿ ಕೂಡಿಟ್ಟ ದುಡ್ಡು ತಂದು ಇದನ್ನು ಹೊಸದು ಅಂತ ನಂಬಿ ಒಯ್ದವರನ್ನು ಕಂಡಿದ್ದೇನೆ. ಹಳೆಯದನ್ನು ಹಳೆಯದು ಅಂತ ಹೇಳಿ ಮಾರಲಿ, ಅದರಲ್ಲಿ ತಪ್ಪಿಲ್ಲ. ಹೊಸದು ಅಂತ ಮಾರೋದು ಅನ್ಯಾಯ.

ಮನೆಗೆ ಕೊಳ್ಳೋದಾದರೆ ಎಂಟನೇ ಜನರೇಷನ್ನಿಗಿಂತ ಹಳೆಯದು ಬೇಡ ಅಂತ ನಾನು ಗೆರೆ ಎಳೆಯೋದಕ್ಕೆ ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ನಿಯಮದ ಪ್ರಕಾರ ಸಾಮಾನ್ಯವಾಗಿ ಇಂಟೆಲ್‌ನಲ್ಲಿ ಎಂಟನೇ ಜನರೇಷನ್, ಎಎಂಡಿ ಕಂಪನಿಯ ಪ್ರೊಸೆಸರುಗಳಲ್ಲಿ ರೈಜನ್ 2000 ಸಾಲು, ಇಲ್ಲವೇ ಅದಕ್ಕಿಂತ ಈಚಿನದೇ ಬೇಕು. ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ಪೂ ಇರಬೇಕು. ‘ಇದರಾಗೂ 11 ನಡೀತದ ನೋಡ್ರಿ’ ಅಂತ ನಾಲ್ಕನೇ ಜನರೇಷನ್ ಮೆಷಿನ್ ಆನ್ ಮಾಡಿ ತೋರಿಸುವವರಿದ್ದಾರೆ. ನಡೆಯುತ್ತೆ, ಸುಳ್ಳಲ್ಲ. ತಪಾಸಣೆ ತಪ್ಪಿಸಿ ಇನ್‌ಸ್ಟಾಲ್ ಮಾಡಿರುತ್ತಾರೆ. ಮುಂದೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಯಾರನ್ನಾದರೂ ಕರೆದು ತಪಾಸಣೆ ತಪ್ಪಿಸಿಯೇ ಹಾಕಿಸಬೇಕು. ಬ್ಯಾಂಕಿನ ವ್ಯವಹಾರ, ಸಿಇಟಿ ಆಪ್ಷನ್ ಎಂಟ್ರಿ, ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಅದೇ ಮೆಷಿನ್ನಿನಲ್ಲಿ ಮಾಡುವ ಮನೆಗೆ ಇದು ಬೇಡ.

ಅಂಗಡಿಯಲ್ಲಿ ನಿಂತಾಗ ಹೀಗೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಮುಟ್ಟಿದರೆ ಬಲಗಡೆ ಮೇಲೆ ಪ್ರೊಸೆಸರಿನ ಪೂರ್ತಿ ಹೆಸರು ಕಾಣುತ್ತೆ. ಅಲ್ಲೇ ಕೆಳಗೆ ರ‍್ಯಾಮ್ ಎಷ್ಟಿದೆ, ಡಿಸ್ಕ್ ಎಸ್‌ಎಸ್‌ಡಿಯೋ ಹಾರ್ಡ್‌ಡಿಸ್ಕೋ ಅನ್ನೋದೂ ಗೊತ್ತಾಗುತ್ತೆ. ಹೊರಗೆ ಅಂಟಿಸಿದ ಸ್ಟಿಕರ್ ನಂಬಬೇಡಿ, ಸ್ಟಿಕರ್ ಬೇರೆಯಾಗಿಯೇ ಸಿಗುತ್ತವೆ.

ಎಸ್‌ಎಸ್‌ಡಿ ಇಲ್ಲದ ಮೆಷಿನ್ ತಗೊಳ್ಳಲೇಬೇಡಿ, ಇಲ್ಲವೇ ಹಾಕಿಸಿಕೊಂಡೇ ತನ್ನಿ. ಹಳೆ ಹಾರ್ಡ್‌ಡಿಸ್ಕ್ ಒಳಗೆ ತಟ್ಟೆ ತಿರುಗಿ, ಮುಳ್ಳು ಓಡಾಡಿ ಓದಬೇಕು. ಎಸ್‌ಎಸ್‌ಡಿಯಲ್ಲಿ ಅದೇನೂ ಇಲ್ಲ. ಆನ್ ಆಗೋಕೆ ಎರಡು ಮೂರು ನಿಮಿಷ ತಗೊಳ್ಳುತ್ತಿದ್ದ ಡಬ್ಬಿ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತೆ. 256 ಜಿಬಿ ಮನೆಗೆ ಸಾಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಅಂಗಡಿಯವರಿಗೇ ಹಾಕಿ ತೋರಿಸಿ ಅನ್ನಿ. ಡಿಸ್ಕಿನ ಆರೋಗ್ಯ ಎಷ್ಟು ಪರ್ಸೆಂಟ್, ಎಷ್ಟು ತಾಸು ದುಡಿದಿದೆ ಅನ್ನೋದು ಬಹಳಷ್ಟು ಡಿಸ್ಕ್‌ಗಳಲ್ಲಿ ಅದರಲ್ಲೇ ಕಾಣುತ್ತೆ. ನೀಲಿ ಬಂದರೆ ಸರಿ. ಹಳದಿ ಬಂದರೆ ಬೇರೆ ಡಿಸ್ಕ್ ಕೇಳಿ. ರ‍್ಯಾಮ್ 8 ಜಿಬಿ ಇರಲಿ, ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ಇನ್ನೂ ಒಳ್ಳೆಯದು.

ಎಂಟನೇ ಜನರೇಷನ್ ಐ5, 8 ಜಿಬಿ, 256 ಎಸ್‌ಎಸ್‌ಡಿ ಇರುವ ಬರೀ ಸಿಪಿಯು ಡಬ್ಬಿ, ಮಾನಿಟರ್ ಬಿಟ್ಟು, ನಮ್ಮ ಕಡೆ ಸುಮಾರು ಹದಿಮೂರರಿಂದ ಹದಿನೆಂಟು ಸಾವಿರದೊಳಗೆ ಆಡುತ್ತಿರುತ್ತೆ. ರ‍್ಯಾಮ್ ರೇಟು ಏರಿದಂತೆ ಇದೂ ಏರುತ್ತೆ. ಐ3 ಆದರೆ ಒಂದೆರಡು ಸಾವಿರ ಉಳಿಯುತ್ತೆ, ಆ ಉಳಿದ ದುಡ್ಡನ್ನು ಯುಪಿಎಸ್‌ಗೆ ಹಾಕಿ ಅಂತ ನಾನು ಹೇಳುತ್ತೇನೆ.

ಇನ್ನು ಕೊಂಡ ಮೇಲೆ ತಲೆಬಿಸಿ ಮಾಡುವ ಚಿಲ್ಲರೆ ವಿಷಯಗಳು. ಆಫೀಸಿನ ಡೆಸ್ಕ್‌ಟಾಪಿಗೆ ಸಾಮಾನ್ಯವಾಗಿ ವೈಫೈ ಇರುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಿಂದ ನೆಟ್ ತಗೊಳ್ಳೋರು ಯುಎಸ್‌ಬಿ ವೈಫೈ ಡಾಂಗಲ್ ಜೊತೆಗೇ ತಗೊಳ್ಳಿ. ಹಿಂದೆ ಡಿಸ್‌ಪ್ಲೇಪೋರ್ಟ್ ಇದ್ದು ನಿಮ್ಮ ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ಕನ್ವರ್ಟರ್ ಬೇಕು. ಅಂಗಡಿಯಲ್ಲೇ ಜೋಡಿಸಿ ಚಿತ್ರ ಬರುತ್ತಾ ನೋಡಿ. ಸಣ್ಣ ಡಬ್ಬಿಗಳಿಗೆ ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಆಯಾ ಕಂಪನಿಯದೇ ಆಗಬೇಕು, ಮಾರ್ಕೆಟಿನ ಸಾದಾ ಎಸ್‌ಎಂಪಿಎಸ್ ಕೂರುವುದಿಲ್ಲ. ಜಾಗ ಇದ್ದರೆ ಎತ್ತರದ ಟವರ್ ಮಾಡೆಲ್ ತಗೊಳ್ಳೋದು ಮೇಲು. ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಎದ್ದೇಳುವ ಬೋರ್ಡಿನ ಸೆಟ್ಟಿಂಗ್, ಪಾಸ್‌ವರ್ಡ್ ಕೇಳುತ್ತಾ ಅನ್ನೋದನ್ನೂ ನೋಡಿ, ಹಳೆ ಕಂಪನಿ ಹಾಕಿದ ಪಾಸ್‌ವರ್ಡ್ ಹಾಗೇ ಉಳಿದಿದ್ದರೆ ಮುಂದೆ ಕಷ್ಟ.

ಒಳಗಿನ ನಾಣ್ಯದ ಬ್ಯಾಟರಿ, ಸಿಆರ್2032, ಹೊಸದು ಹಾಕಿಸಿ. ಅದು ಸತ್ತಿದ್ದರೆ ಪ್ಲಗ್ ತೆಗೆದು ಹಾಕಿದಾಗೆಲ್ಲ ತಾರೀಖು ಹಳೇ ವರ್ಷಕ್ಕೆ ಹೋಗುತ್ತೆ. ತಾರೀಖು ತಪ್ಪಿದ್ದರೆ ವೆಬ್‌ಸೈಟ್‌ಗಳು ತೆರೆಯೋದಿಲ್ಲ. ಜನ ನೆಟ್ ಹೋಗಿದೆ ಅಂತ ತಿಳಿದು ಸುಮ್ನೆ ರೀಚಾರ್ಜ್ ಮಾಡಿಸುತ್ತಾರೆ.

ವಿಂಡೋಸ್ ಲೈಸೆನ್ಸಿಗೂ ಪ್ರತ್ಯೇಕ ದುಡ್ಡು ಕೊಡುವ ಮೊದಲು ಕೇಳಿ. ಈ ಕಾಲದ ಬ್ರಾಂಡೆಡ್ ಮೆಷಿನ್‌ಗಳಲ್ಲಿ ವಿಂಡೋಸ್ ಕೀ ಬೋರ್ಡಿನಲ್ಲೇ ಸೇರಿರುತ್ತೆ. ಅದೇ ಎಡಿಷನ್ ಹಾಕಿದರೆ ತಾನೇ ಆಕ್ಟಿವೇಟ್ ಆಗುತ್ತೆ. ಲೈಸೆನ್ಸ್ ಇಲ್ಲದೆ ನಡೆಸುವ ಕಳ್ಳದಾರಿಯ ಕ್ರ್ಯಾಕ್ ಹಾಕಿ ಕೊಟ್ಟರೆ ತಗೊಳ್ಳಬೇಡಿ, ಆ ಕ್ರ್ಯಾಕಿನ ಜೊತೆ ವೈರಸ್ಸೂ ಮನೆಗೆ ಬರುತ್ತೆ. ಬಿಲ್ಲಿನಲ್ಲಿ ಮಾಡೆಲ್, ಪ್ರೊಸೆಸರಿನ ಪೂರ್ತಿ ನಂಬರ್, ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು ಅನ್ನೋದು ಬರೆದಿರಬೇಕು. ಬಾಯಿಮಾತಿನ ವಾರಂಟಿ ವಾರಂಟಿಯಲ್ಲ.

‘ಸರ, ಅಂಗಡ್ಯಾಗ ಚಲೋ ನಡೀತಿತ್ರಿ, ಮನೀಗ್ ತಂದ ಮ್ಯಾಲ ಆಗಾಗ ಆಫ್ ಆಗಾಕತ್ತೈತಿ’ ಅಂತ ಫೋನ್ ಬರುತ್ತೆ. ಅಂಥ ಕಡೆ ಹೋಗಿ ನೋಡಿದರೆ ಮೆಷಿನ್ ಸರಿಯಾಗಿರುತ್ತೆ, ತೊಂದರೆ ಕರೆಂಟಿನದು. ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತೆ, ಆದರೆ ಹಳ್ಳಿಯ ಕೊನೆಯ ಮನೆಗೆ ಬರೋ ಹೊತ್ತಿಗೆ ವೋಲ್ಟೇಜ್ ಕುಣಿಯುತ್ತಿರುತ್ತೆ. 600 ವಿಎ ಯುಪಿಎಸ್ ಒಂದು ಕಂಪ್ಯೂಟರಿಗೆ ಸಾಕು. ಅದರಲ್ಲಿರೋದು 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ. ಕೆಲಸ ಸೇವ್ ಮಾಡಿ ಆಫ್ ಮಾಡೋಕೆ ಬೇಕಾದಷ್ಟು ಹೊತ್ತು ಕೊಡುತ್ತೆ, ಸಿನಿಮಾ ನೋಡೋಕಲ್ಲ. ಸೆಕೆಗೆ ಈ ಬ್ಯಾಟರಿ ಬೇಗ ಸಾಯುತ್ತೆ, ತಗಡಿನ ಸೂರಿನ ಕೆಳಗಂತೂ ಇನ್ನೂ ಬೇಗ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೆ ಒಂದು ಸ್ವಿಚ್ ಇದೆಯಾ ನೋಡಿ. ಒಂದು ಕಡೆ ಯುಪಿಎಸ್ ಅಂತ, ಇನ್ನೊಂದು ಕಡೆ ನಾರ್ಮಲ್ ಅಥವಾ ಎಕೊ ಅಂತ ಇರುತ್ತೆ. ನಾರ್ಮಲ್‌ನಲ್ಲಿ ಕರೆಂಟ್ ಹೋಗಿ ಬ್ಯಾಟರಿ ಹಿಡಿಯೋ ನಡುವೆ ಕಣ್ಣಿಗೆ ಕಾಣದಷ್ಟು ಅಂತರ ಬೀಳುತ್ತೆ. ಫ್ಯಾನಿಗೆ ಅದು ಗೊತ್ತಾಗಲ್ಲ, ಕಂಪ್ಯೂಟರಿಗೆ ಗೊತ್ತಾಗಿ ರೀಸ್ಟಾರ್ಟ್ ಆಗುತ್ತೆ. ಸ್ವಿಚ್ಚನ್ನು ಯುಪಿಎಸ್ ಕಡೆ ಹಾಕಿದರೆ ಎಷ್ಟೋ ಮನೆಗಳಲ್ಲಿ ಬೇರೆ ಯುಪಿಎಸ್ಸೇ ಬೇಕಾಗುವುದಿಲ್ಲ.

ಅರ್ಥಿಂಗ್ ಬಗ್ಗೆ ಯಾರೂ ಕೇಳುವುದೇ ಇಲ್ಲ, ನಾನು ಮೊದಲು ನೋಡೋದು ಅದನ್ನೇ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಮನೆಗೆ ಅರ್ಥ್ ಇಲ್ಲ ಅಥವಾ ತಂತಿ ಎಲ್ಲೋ ಕಡಿದಿದೆ ಅಂತ ಸಂಶಯ ಪಡಬೇಕು. ಎಲೆಕ್ಟ್ರಿಷಿಯನ್ ಕರೆದು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಡಿಸಿ. ಎರಡು ಮೂರು ವೋಲ್ಟಿನೊಳಗೆ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಕಂಪ್ಯೂಟರ್ ಹಚ್ಚಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಬೋರ್ಡಿಗೆ ಹಾಕೋದು ದಯವಿಟ್ಟು ಬೇಡ. ಮಕ್ಕಳು ಮುಟ್ಟುವ ವಸ್ತು ಅದು.

ಧೂಳಿಗೆ ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮುಂಚೆ ಒಂದು ಸಲ ತಪ್ಪದೇ, ಬ್ಲೋವರ್ ಹೊಡೆಯಬೇಕು. ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಹುಡಿಯಾಗಿದ್ದರೆ ಹೊಸದು ಹಚ್ಚಿಸಿ, ದೊಡ್ಡ ಖರ್ಚಲ್ಲ.

ಶಾಲೆಗಳ ಲೆಕ್ಕ ಬೇರೆ. ಅಲ್ಲಿ ನಾನು ನಾಲ್ಕನೇ, ಆರನೇ ಜನರೇಷನ್ ಮೆಷಿನ್ನುಗಳನ್ನೂ ಬೇಡ ಅನ್ನುವುದಿಲ್ಲ. ಹಳೆ ವಿದ್ಯಾರ್ಥಿಗಳೋ ಯಾವುದೋ ಕಂಪನಿಯೋ ಪುಕ್ಕಟೆ ಕೊಟ್ಟರೆ ಸಂತೋಷದಿಂದ ತಗೊಳ್ಳಿ. ಒಂದೊಂದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಕೂರಿಸಿ. ಲೈಸೆನ್ಸ್ ಖರ್ಚಿಲ್ಲ, ಅಪ್‌ಡೇಟ್ ಬರುತ್ತಿರುತ್ತೆ, ಪೆನ್‌ಡ್ರೈವ್‌ನಿಂದ ಹರಡುವ ವಿಂಡೋಸ್ ವೈರಸ್‌ಗಳ ಕಾಟ ಇಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ. ಗಣಿತಕ್ಕೆ ಜಿಯೋಜೀಬ್ರಾ, ಚಿಕ್ಕ ಮಕ್ಕಳಿಗೆ ಟಕ್ಸ್ ಪೇಂಟ್, ಜಿಕಾಂಪ್ರಿಸ್ ಇವೆ. ಫೆಟ್ ವಿಜ್ಞಾನ ಪ್ರಯೋಗಗಳಲ್ಲಿ ಎಷ್ಟೋ ಕನ್ನಡದಲ್ಲೇ ಸಿಗುತ್ತವೆ. ನೆಟ್ ಇಲ್ಲದ ಹಳ್ಳಿ ಶಾಲೆಗೆ ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯ ಒಮ್ಮೆ ಇಳಿಸಿಟ್ಟರೆ ಸಾಕು, ಆಮೇಲೆ ನೆಟ್ ಬೇಡ.

‘ನುಡಿ ಇಲ್ಲದ ಕಂಪ್ಯೂಟರ್ ಏನ್ ಮಾಡೋದ್ರಿ’ ಅಂತ ಮೇಷ್ಟ್ರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನುಡಿ ವಿಂಡೋಸ್‌ಗೆ ಅಂತ ಮಾಡಿದ್ದು. ಆದರೆ ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಆರಿಸಿಕೊಂಡರೆ ನುಡಿಯಲ್ಲಿ ಕೈ ಪಳಗಿದವರಿಗೆ ಬೇಗ ಹೊಂದುತ್ತೆ. ಕಚೇರಿ ಕೆಲಸಕ್ಕೆ, ಟ್ಯಾಲಿಗೆ ಅಂತ ಎಚ್‌ಎಂ ರೂಮಿನಲ್ಲಿ ಒಂದೋ ಎರಡೋ ವಿಂಡೋಸ್ ಮೆಷಿನ್ ಇಟ್ಟುಕೊಳ್ಳಿ, ಅವು ಮಾತ್ರ ಎಂಟನೇ ಜನರೇಷನ್ ಇರಲಿ.

ಲ್ಯಾಬಿಗೆ ಹತ್ತು ಮೆಷಿನ್ ತಗೊಂಡರೆ ಹತ್ತೂ ಒಂದೇ ಮಾಡೆಲ್ ಆಗಿರಲಿ. ಒಂದು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ. ಒಂದೇ ಮಾಡೆಲ್ ಆದರೆ ಒಂದರ ರ‍್ಯಾಮ್, ಎಸ್‌ಎಂಪಿಎಸ್ ಇನ್ನೊಂದಕ್ಕೆ ಹೊಂದುತ್ತೆ. ಒಂದನ್ನು ಸರಿಯಾಗಿ ಸೆಟ್ ಮಾಡಿ ಕ್ಲೋನ್‌ಜಿಲ್ಲಾ ಅನ್ನೋ ಸಾಫ್ಟ್‌ವೇರಿನಿಂದ ಉಳಿದವಕ್ಕೆ ನಕಲು ಹೊಡೆಯಬಹುದು. ಹನ್ನೊಂದನೆಯದು ಬಿಡಿಭಾಗಕ್ಕೆ ಅಂತಲೇ ಕೊಂಡು ಬೀರುವಿನಲ್ಲಿಡಿ. ದೇವದುರ್ಗ, ಮಸ್ಕಿ ಕಡೆಯ ಹಳ್ಳಿಗೆ ಒಂದು ಎಸ್‌ಎಂಪಿಎಸ್ ತರಿಸೋಕೆ ವಾರ ಹಿಡಿಯುತ್ತೆ, ಅಷ್ಟರಲ್ಲಿ ಮಕ್ಕಳ ಪಾಠ ನಿಲ್ಲಬಾರದು. ಬಿಲ್ ಶಾಲೆಯ ಹೆಸರಿಗೇ ಮಾಡಿಸಿ, ಸೀರಿಯಲ್ ನಂಬರ್ ಸಮೇತ ಸ್ಟಾಕ್ ರಿಜಿಸ್ಟರಿಗೆ ಏರಿಸಿ. ಬೀಗದ ಕೈ ಯಾವ ಶಿಕ್ಷಕರ ಹತ್ತಿರ ಇರುತ್ತೆ, ಅವರು ರಜೆಯಲ್ಲಿದ್ದಾಗ ಯಾರ ಹತ್ತಿರ ಅನ್ನೋದನ್ನು ಎಸ್‌ಡಿಎಂಸಿ ಸಭೆಯಲ್ಲೇ ತೀರ್ಮಾನಿಸಿ. ಕೆಡುತ್ತೆ ಅಂತ ಹೆದರಿ ಬಟ್ಟೆ ಹೊದಿಸಿ ಬೀಗ ಹಾಕಿಟ್ಟ ಲ್ಯಾಬುಗಳನ್ನು ನೋಡಿದ್ದೇನೆ. ತಿಂಗಳುಗಟ್ಟಲೆ ಆನ್ ಮಾಡದಿದ್ದರೆ ಯುಪಿಎಸ್ ಬ್ಯಾಟರಿ ಮೊದಲು ಸಾಯುತ್ತೆ, ಇಲಿ ಕೇಬಲ್ ಕಡಿಯುತ್ತೆ. ವಾರಕ್ಕೆ ಎರಡು ದಿನವಾದರೂ ಮಕ್ಕಳನ್ನು ಕೂರಿಸಿ.