ಹಾಲಿನ ಪ್ಯಾಕೆಟ್ಟಿನ ಆ ಪುಟ್ಟ ಮೂಲೆ

ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಿದಾಗ ಮೂಲೆಯ ಚೂರು ಎಲ್ಲಿ ಹೋಗುತ್ತದೆ? ನಮ್ಮ ಮನೆಯಲ್ಲಿ ತರಕಾರಿ ಸಿಪ್ಪೆಯ ಜೊತೆ ಹಸಿ ಕಸಕ್ಕೆ ಹೋಗುತ್ತಿತ್ತು. ಉಗುರಿನಷ್ಟು ಪ್ಲಾಸ್ಟಿಕ್, ಏನು ಮಹಾ ಅಂದುಕೊಂಡಿದ್ದೆ. ಮನೆಯಲ್ಲೇ ಗೊಬ್ಬರ ಮಾಡಲು ಶುರು ಮಾಡಿದ ಮೇಲೆ ಕಣ್ಣಿಗೆ ಬಿತ್ತು. ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು ಎಲ್ಲ ಕರಗಿ ಕಪ್ಪು ಮಣ್ಣಾಗಿದ್ದವು. ಮಧ್ಯೆ ಆ ಚೂರುಗಳು ಮಾತ್ರ ಹೊಳೆಯುತ್ತಾ ಹಾಗೇ ಕೂತಿದ್ದವು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಪಾಲಿಥೀನ್ ಊಟವಲ್ಲ.

ಈಗ ಮೂಲೆಯನ್ನು ಪೂರ್ತಿ ತುಂಡು ಮಾಡುವುದಿಲ್ಲ, ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಸೀಳುತ್ತೇನೆ. ಖಾಲಿಯಾದ ಮೇಲೆ ತೊಳೆದು, ಒಣಗಿಸಿ ಒಣ ಕಸಕ್ಕೆ ಹಾಕುತ್ತೇನೆ.

ಒಣ ಕಸಕ್ಕೆ ಒದ್ದೆ ತಾಗಬಾರದು, ಅದೇ ಮುಖ್ಯ. ಸಾಂಬಾರು ಹೀರಿದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ, ಅದರ ನಾರು ಸಡಿಲವಾಗುತ್ತದೆ. ಆಮೇಲೆ ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಬೆರೆತದ್ದನ್ನು ಮತ್ತೆ ಬೇರೆ ಮಾಡುವುದು ಬಹಳ ಕಷ್ಟ. ಬುಟ್ಟಿಗೆ ಹಾಕುವಾಗ ನಮಗೆ ಅದು ಎರಡೇ ಸೆಕೆಂಡಿನ ಕೆಲಸ, ಅಲ್ವಾ?

ಹಸಿ ಕಸಕ್ಕೆ ಬೇಕಾದದ್ದು ಗಾಳಿ. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ಗೊಬ್ಬರ ಮಾಡುತ್ತವೆ. ದೊಡ್ಡ ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಹುಟ್ಟುತ್ತದೆ, 55 ಡಿಗ್ರಿ ದಾಟುವುದೂ ಉಂಟು. ಅದೇ ಕಸವನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿದರೆ ಗಾಳಿ ಬೇಡದ ಸೂಕ್ಷ್ಮಜೀವಿಗಳು ಮೇಲುಗೈ ಪಡೆಯುತ್ತವೆ. ಆ ಕೊಳೆತ ನಾತ ಅವುಗಳ ಕೆಲಸ. ಕಸದ ಗುಡ್ಡದ ಅಡಿಯಲ್ಲಿ ಅವು ಮೀಥೇನ್ ಹುಟ್ಟಿಸುತ್ತವೆ. 100 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಗುಡ್ಡದಿಂದ ಸೋರುವ ಕಪ್ಪು ನೀರು ಬ್ಯಾಟರಿ, ಬಣ್ಣದ ಡಬ್ಬಿಗಳ ಲೋಹವನ್ನೂ ಕರಗಿಸಿಕೊಂಡು ನೆಲಕ್ಕೆ ಇಳಿಯುತ್ತದೆ.

ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ಇದನ್ನು ವರ್ಷಗಟ್ಟಲೆ ಅನುಭವಿಸಿದರು. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ಬಂದ್ ಆದಾಗ ನಗರದ ರಸ್ತೆಗಳಲ್ಲೇ ಕಸ ರಾಶಿ ಬಿತ್ತು. 2015ರಲ್ಲಿ ಹೈಕೋರ್ಟ್ ಆದೇಶದಿಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ. ಕೆಂಪು ಬುಟ್ಟಿ ಪ್ಯಾಡ್, ಡೈಪರ್, ಬ್ಯಾಂಡೇಜಿಗೆ.

ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡಿ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ ‘ಗಾಜು’ ಅಂತ ಬರೆಯಿರಿ. ಕೊಡುವಾಗ ಬಾಯಲ್ಲೂ ಒಂದು ಮಾತು ಹೇಳಿ. ಎಷ್ಟೋ ಸಲ ಆ ಚೀಲಕ್ಕೆ ಬರಿಗೈ ಹಾಕುವವರು ಪೌರಕಾರ್ಮಿಕರು.